ಹಗೇವಿನೊಳಗಿನ ಬಾಟಲಿ

ಕಾಕಾನ ಅಂತ್ಯಯಾತ್ರೆ ಹೊರಡುವುದು ತಡವಾಯಿತು. ಅವರನ್ನು ಬಲ್ಲ ಯಾರಿಗೂ ಇದರಲ್ಲಿ ಆಶ್ಚರ್ಯವೆನಿಸಲಿಲ್ಲ.

ಪಡಸಾಲೆಯ ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ ಅವರನ್ನು ಕೂಡಿಸಿದ್ದರು. ಬಳಗದವರೆಲ್ಲ ಬಂದಾಗಿತ್ತು, ಬರಬೇಕಾದವರು ಒಬ್ಬರೇ ಉಳಿದಿದ್ದರು. ಓಣಿಯ ಹಿರಿಯರು ಬಾಗಿಲಿಗೆ ಬಂದು, "ಹೊತ್ತಾತು, ಎತ್ತೂಣೇನ್ರಿ?" ಎಂದು ಕೇಳಿದರು. ಭಜನೆಯವರ ನಡುವಿನಿಂದ ಯಾರೋ ಯೋಚಿಸದೆಯೇ, "ಇನ್ನೊಂದೀಟು ತಡೀರಿ" ಎಂದುಬಿಟ್ಟರು. ತಾಳ ಒಮ್ಮೆ ತಪ್ಪಿತು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕದಲ್ಲಿದ್ದವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರು ತಡೆದದ್ದು ಅಳುವನ್ನಲ್ಲ.

ಏಕೆಂದರೆ ಆ ಮಾತು ಅಲ್ಲಿ ಹಾರ ಹಾಕಿಸಿಕೊಂಡು ಗೋಡೆಗೆ ಆನಿ ಕೂತಿದ್ದವರದೇ. ಅಣ್ಣಿಗೇರಿಯಲ್ಲಿ ಅದನ್ನು ಬೇರೆಯವರು ಆಡಿದರೆ ಅವರ ಅಣಕ ಮಾಡಿದಂತೆ ಕೇಳಿಸುತ್ತಿತ್ತು.

ನಾನು ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದೆ. ಸಂಬಂಧವೇನೂ ಇರಲಿಲ್ಲ. ಎಂ.ಎಸ್ಸಿ. ಮುಗಿಸಿ ಅಲ್ಲಿಯ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದವಳು, ಬಾಡಿಗೆಗೆ ಒಂದು ಖೋಲಿ ಕೇಳಿಕೊಂಡು ಅವರ ಮನೆಗೆ ಹೋಗಿದ್ದೆ. ಅವರು ನನ್ನನ್ನೂ ನನ್ನ ಟ್ರಂಕನ್ನೂ ನಿಧಾನವಾಗಿ ನೋಡಿ, "ಇನ್ನೊಂದೀಟು ತಡೀರಿ ಅಕ್ಕೋರ" ಎಂದು ಕಟ್ಟೆಯ ಮೇಲೆ ಕೂಡಿಸಿ ಒಳಗೆ ಹೋದರು. ಬಿಸಿಲು ಕಟ್ಟೆಯ ಈ ತುದಿಯಿಂದ ಆ ತುದಿಗೆ ಸರಿಯಿತು. ಒಳಗಿನಿಂದ ಕಾಕುವಿನ ದನಿ ಕೇಳಿಸಿತು: "ಖೋಲಿ ದಸರಾದಿಂದ ಖಾಲಿ ಬಿದ್ದೈತಿ. ಅದರಾಗ ಏನ್ ಪಾಡಾಗಬೇಕಾಗೇತ್ರಿ? ಮಾವಿನಕಾಯಿ ಅಡೀ ಹಾಕೀರೇನು?" ಆಮೇಲೆ ಕೀಲಿಕೈ ಸಿಕ್ಕಿತು.

ಕಾಕಾ ಊರಿಗೆಲ್ಲ ಹದ ಹೇಳುವವರು, ಯಾವುದು ಪಾಡಾಗಿದೆ, ಅಂದರೆ ಮಾಗಿದೆ, ಯಾವುದು ಇನ್ನೂ ಇಲ್ಲ ಎಂದು. ಎರೆ ಹೊಲದ ಸೀಮೆಯಲ್ಲಿ ಹದ ತಪ್ಪಿದರೆ ವರ್ಷವೇ ತಪ್ಪುತ್ತದೆ. ಹಿಂಗಾರಿ ಬಿತ್ತುವ ಮುಂದೆ ರೈತರು ಟವೆಲ್ಲಿನ ತುದಿಯಲ್ಲಿ ತಮ್ಮ ಹೊಲದ ಮಣ್ಣು ಕಟ್ಟಿಕೊಂಡು ಬರುತ್ತಿದ್ದರು. ಕಾಕಾ ಅದನ್ನು ಅಂಗೈಯಲ್ಲಿ ಹಿಚುಕಿ ಉಂಡೆ ಮಾಡಿ, ಮೊಣಕಾಲೆತ್ತರದಿಂದ ಬಿಟ್ಟು, ಅದು ಒಡೆದ ರೀತಿ ನೋಡಿ ತೀರ್ಪು ಕೊಡುತ್ತಿದ್ದರು. ಒಣಗಿದ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸುತ್ತಿದ್ದರು. ಕಡಲೆಯನ್ನು ಹಲ್ಲಿನಲ್ಲಿ ಒಡೆದು ಸಪ್ಪಳ ಕೇಳುತ್ತಿದ್ದರು. ಹೆಂಗಸರು ಉಪ್ಪಿನಕಾಯಿಯ ಭರಣಿಗಳನ್ನು ತಂದು ಮುಚ್ಚಳ ತೆಗೆದು ಹಿಡಿಯುತ್ತಿದ್ದರು. ಪರೀಕ್ಷೆಗಳು ಬೇರೆ ಬೇರೆ. ತೀರ್ಪು ಬಹುಮಟ್ಟಿಗೆ ಒಂದೇ. ಅವರ ಮಾತು ಕೇಳಿ ಕೆಟ್ಟವರನ್ನು ನಾನು ಕಂಡಿಲ್ಲ. ಆದರೆ ಊರಿನಲ್ಲಿ ಎಲ್ಲರಿಗಿಂತ ಕೊನೆಗೆ ಬಿತ್ತುವವರು ಮಾತ್ರ ಯಾವಾಗಲೂ ಅವರ ಮಾತು ಕೇಳಿದವರೇ ಆಗಿರುತ್ತಿದ್ದರು.

"ಇವರನ್ನ ಕೇಳಿದ್ರ ಸೂರ್ಯಾನೂ ಇನ್ನೊಂದೀಟು ತಡದ ಏಳತಾನ" ಎಂದು ಕಾಕು ಹೇಳುತ್ತಿದ್ದರು. ಹಾಗೆ ಹೇಳಿ, ತಾವು ಕುದಿಸುತ್ತಿದ್ದ ಚಹಾದ ಪಾತ್ರೆಯನ್ನು ಅವರ ಮೂಗಿನ ಹತ್ತಿರ ಒಯ್ದು ತೋರಿಸುತ್ತಿದ್ದರು.

ಇಂಥವರ ಮನೆಯ ಹಗೇವಿನಲ್ಲಿ ಒಂದು ಪೋರ್ಟ್ ವೈನಿನ ಬಾಟಲಿ ಇತ್ತು.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಕತ್ತಲು, ತಂಪು. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯೂ ಆಡುವುದಿಲ್ಲ. ಅವರ ಪಡಸಾಲೆಯ ನೆಲದಲ್ಲಿಯೇ ಮನೆಖರ್ಚಿನ ಒಂದು ಸಣ್ಣ ಹಗೇವಿತ್ತು. ನಾನು ಆ ಮನೆಗೆ ಬಂದ ವರ್ಷ ಅದನ್ನು ತೆರೆದಾಗ, ಜೋಳದ ಮೇಲಿನ ಹುಲ್ಲಿನ ಹಾಸಿಗೆಯಿಂದ ಕಾಕು ಕೂಸನ್ನು ಎತ್ತಿದಂತೆ ಎರಡೂ ಕೈಯಲ್ಲಿ ಒಂದು ಕಪ್ಪು ಬಾಟಲಿಯನ್ನು ಎತ್ತಿದರು. ನಾನು ನೋಡುತ್ತಿರುವುದನ್ನು ಕಂಡು, "ಔಷಧ" ಎಂದರು. ಆಮೇಲೆ ದನಿ ತಗ್ಗಿಸಿ, "ಹಂಗಂತ ನಿಮ್ಮ ಕಾಕಾ ಹೇಳ್ಯಾರ. ಔಷಧ ಪಾಡಾಗಾಕ ಇಷ್ಟು ವರ್ಷ ಹಿಡದ್ರ ರೋಗಿ ಉಳೀತಾನೇನ್ರಿ ಅಕ್ಕೋರ?" ಎಂದರು.

ಬಾಟಲಿ ಕಾಕಾನದಲ್ಲ. ಅದು ಅಳ್ನಾವರದ ಗಾರ್ಡ್ ಸಾಹೇಬರದು. ಅವರು ಗೋವೆಯ ಕ್ರಿಸ್ತರು. ಗೂಡ್ಸ್ ಗಾಡಿಯ ಗಾರ್ಡ್ ಆಗಿ ಈ ಹಾದಿಯಲ್ಲಿ ಓಡಾಡುತ್ತಿದ್ದಾಗ, ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಹತ್ತಿಯ ಮೂಟೆ ತುಂಬಿಸಲು ಬರುತ್ತಿದ್ದ ಕಾಕಾನಿಗೂ ಅವರಿಗೂ ಜಗಳವಾಗಿ ಪರಿಚಯವಾಯಿತು. ಗಾರ್ಡ್ ಸೀಟಿ ಊದುವುದು, ಕಾಕಾ ತಡೀರಿ ಎನ್ನುವುದು. ಜಗಳ ಎಷ್ಟು ಸಲ ನಡೆಯಿತೆಂದರೆ ಕೊನೆಗೆ ಸ್ನೇಹವಾಗದೆ ಬೇರೆ ದಾರಿ ಉಳಿಯಲಿಲ್ಲ.

ಗಾರ್ಡ್ ಸಾಹೇಬರಿಗೆ ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷದ ದ್ರಾಕ್ಷಿಯಿಂದ ಮಾಡಿದ ಪೋರ್ಟನ್ನು ಮಡಗಾಂವದಲ್ಲಿದ್ದ ಅವರ ಅಣ್ಣ ಪೋರ್ತುಗೀಸರಿರುವಾಗಲೇ ಕೊಂಡಿಟ್ಟು, ಗಡಿ ತೆರೆದ ಮೇಲೆ ತಂದುಕೊಟ್ಟಿದ್ದ. ನಮ್ಮ ಕಡೆ ಬಾಣಂತಿಯರಿಗೆ ಒಂದು ಗುಟುಕು ಕುಡಿಸುವ ಪೋರ್ಟ್ ಇದಲ್ಲ. ಇದನ್ನು ಬಾಟಲಿಯಲ್ಲಿ ತುಂಬಿ ವರ್ಷಗಟ್ಟಲೆ ಮಲಗಿಸಬೇಕು. ಒಳಗೇ ಅದು ಹಣ್ಣಾಗಬೇಕು. ಮಗಳ ಮದುವೆಯ ದಿನ ತೆರೆಯಬೇಕೆಂಬುದು ಗಾರ್ಡ್ ಸಾಹೇಬರ ಆಸೆ. ಆದರೆ ಅವರ ಕ್ವಾರ್ಟರ್ಸು ಹಳಿಯ ಮಗ್ಗುಲಿಗೇ ಇತ್ತು. ಗಾಡಿ ಬಂದಾಗಲೆಲ್ಲ ಗೋಡೆಯ ಏಸುವಿನ ಪಟವೂ ಅಲುಗುತ್ತಿತ್ತು. ತಗಡಿನ ಕೆಳಗೆ ಬೇಸಿಗೆಯಲ್ಲಿ ಮೇಣದಬತ್ತಿ ಬಾಗುತ್ತಿತ್ತು. ಮೇಲಾಗಿ ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧವಿತ್ತು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಸಾಹೇಬರ ಗೆಳೆಯರು. ಅಲುಗದ, ಬಿಸಿಲಿಗೆ ಕಾಯದ, ಪೊಲೀಸರು ನೋಡದ, ಕುಡಿಯುವವರು ಕಾಲಿಡದ ಜಾಗ ಯಾವುದು? ಕೊರಳಲ್ಲಿ ಲಿಂಗ ಕಟ್ಟಿದ, ಚಹಾಕ್ಕೆ ಶುಂಠಿ ಹಾಕಿದರೂ ನಶೆ ಎನ್ನುವ ಕಾಕಾನ ಹಗೇವು.

"ಪಾಡಾಗೂ ತನಕ ತಗೀಬ್ಯಾಡ್ರಿ" ಎಂದು ಗಾರ್ಡ್ ಸಾಹೇಬರು ಕೊಟ್ಟು ಹೋದರು. ಆ ಒಂದು ಮಾತಿನಿಂದ ಅವರು ತಮ್ಮ ಬಾಟಲಿಯ ಮೇಲಿನ ಹಕ್ಕನ್ನು ಕಳೆದುಕೊಂಡರು. ಪಾಡಾಗಿದೆಯೋ ಇಲ್ಲವೋ ಹೇಳುವುದು ಕಾಕಾನ ಕೆಲಸ. ಅದನ್ನು ಅವರು ಇನ್ನೊಬ್ಬರಿಗೆ ಬಿಟ್ಟುಕೊಡುವವರಲ್ಲ.

ವರ್ಷಕ್ಕೊಮ್ಮೆ ಹಗೇವು ತೆರೆಯುವ ಹೊತ್ತಿಗೆ ಗಾರ್ಡ್ ಸಾಹೇಬರು ಅಳ್ನಾವರದಿಂದ ಬರುತ್ತಿದ್ದರು. ದಪ್ಪನೆಯ ಆಳು, ಬಿಳಿ ಕೋಟು, ತಲೆಗೆ ಟೊಪ್ಪಿಗೆ. ನಿವೃತ್ತರಾದ ಮೇಲೂ ಸೀಟಿ ಕೋಟಿನ ಕಿಸೆಯಲ್ಲೇ ಇರುತ್ತಿತ್ತು. ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೂ ಎಲ್ಲರೂ ದೂರ ಕೂಡಬೇಕು. ಆಮೇಲೆ ಬಾಟಲಿ ಹೊರಗೆ ಬರುತ್ತಿತ್ತು. ಕಾಕಾ ಅದನ್ನು ಕಂದೀಲಿನ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಬಿರಡೆಯ ಮೇಣ ಮೂಸುತ್ತಿದ್ದರು. ಕಿವಿಗೂ ಹಚ್ಚುತ್ತಿದ್ದರು.

"ಏನ್ರಿ ಯಜಮಾನ್ರ, ಲೈನ್ ಕ್ಲಿಯರ್ ಸಿಗತೈತೇನು?"

"ಇನ್ನೊಂದೀಟು ತಡೀರಿ ಸಾಹೇಬ್ರ."

"ಮೇಲ್ ಗಾಡೀನೂ ಔಟರ್ ಸಿಗ್ನಲ್‌ನ್ಯಾಗ ಇಷ್ಟು ಹೊತ್ತು ನಿಂದ್ರಸಂಗಿಲ್ರಿ!"

"ಮೇಲ್ ಇದ್ರ ನಾನೂ ನಿಂದ್ರಸತಿದ್ದಿಲ್ಲ. ಇದು ಗೂಡ್ಸ್ ಐತಿ."

"ಅಲ್ರಿ, ಹುಟ್ಟಿದಾಗಿಂದ ಒಂದ ತೊಟ್ಟು ಕುಡದವ್ರಲ್ಲ ನೀವು. ಇದರ ಹದ ನಿಮಗ ಹೆಂಗ ಗೊತ್ತಾಗತೈತಿ?"

"ಹಲ್ಲ ನೋಡಿ ಎತ್ತಿನ ವಯಸ್ಸ ಹೇಳತೇನಿ. ನಾ ಏನ್ ಎತ್ತೇನು?"

ಅಡುಗೆಮನೆಯಿಂದ ಕಾಕು: "ಅದರ ಬಗ್ಗೆ ಊರಾಗ ಎರಡು ಮಾತದಾವು."

ಹೀಗೆ ನಗುತ್ತಿದ್ದರೂ ಕಾಕಾನಿಗೆ ಆ ಬಾಟಲಿ ಒಳಗೊಳಗೇ ದಿಗಿಲಾಗಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಅವರೇ ನನಗೆ ಹೇಳಿದರು: "ಯಾವುದರದ ಹದ ನೋಡಬೇಕಾದ್ರೂ ಚಿಟಿಕಿ ತಗದು ನೋಡತೇನ್ರಿ ಅಕ್ಕೋರ. ಮಣ್ಣು ಇರಲಿ, ಕಾಳು ಇರಲಿ, ಉಪ್ಪಿನಕಾಯಿ ಇರಲಿ. ಇದರಾಗ ಚಿಟಿಕಿ ಎಲ್ಲಿಂದ ತಗೀಲಿ? ತಗದ್ರ ಮುಗೀತು. ನಿಮ್ಮ ಸಾಯನ್ಸಿನ್ಯಾಗ ಏನರ ಹೇಳ್ಯಾರೇನು?"

ಮುಂದಿನ ಸಲ ಧಾರವಾಡಕ್ಕೆ ಹೋದಾಗ ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹುಡುಕಿದೆ. ದ್ರಾಕ್ಷಾರಸಗಳ ಬಗ್ಗೆ ಒಂದು ಹಳೆಯ ಪುಸ್ತಕ ಸಿಕ್ಕಿತು. ಅದನ್ನು ತೆಗೆದುಕೊಂಡಾಗ ಗ್ರಂಥಪಾಲಕರು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಇಂಥ ಪೋರ್ಟಿಗೆ ಇಪ್ಪತ್ತು ವರ್ಷವಾದರೂ ಬೇಕು, ಕೆಲವಕ್ಕೆ ನಲವತ್ತೂ ಸಾಲದು ಎಂದು ಅದರಲ್ಲಿತ್ತು. ಕಪ್ಪು ನೇರಳೆ ಬಣ್ಣ ತಿಳಿಯಾಗುತ್ತಾ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಅಡಿಯಲ್ಲಿ ಗಸಿ ಕಟ್ಟುತ್ತದೆ. ಕುಡಿಯುವ ಮುಂಚೆ ಒಂದು ದಿನ ನೆಟ್ಟಗೆ ನಿಲ್ಲಿಸಿ ಗಸಿ ಇಳಿಸಿ, ಬಟ್ಟೆಯಲ್ಲಿ ಸೋಸಬೇಕು. ಪಾಡಾಗಿದೆಯೇ ಎಂದು ಖಚಿತವಾಗಿ ತಿಳಿಯಲು ಮಾತ್ರ ಒಂದೇ ದಾರಿ: ಹಲವು ಬಾಟಲಿಗಳಿದ್ದರೆ ಒಂದನ್ನು ತೆರೆದು ನೋಡಬೇಕು.

ಕಾಕಾ ಇದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. "ಒಂದ ಬಾಟ್ಲಿ ಇದ್ದಾವ್ರು ಏನ್ ಮಾಡಬೇಕಂತ?"

"ಅದನ್ನು ಬರೆದಿಲ್ಲ ಕಾಕಾ."

"ಬರದಾವ್ರು ಸಾವ್ಕಾರ್ರು ಇರಬೇಕು" ಎಂದು ಎದ್ದು ಹೋದರು.

ಆ ಪುಸ್ತಕದಿಂದ ಮತ್ತೊಂದು ಸಂಗತಿ ತಿಳಿಯಿತು. ಬಾಟಲಿಯ ಒಂದು ಮಗ್ಗುಲಿಗೆ ಬಿಳಿ ಬಣ್ಣದ ಪಟ್ಟೆಯೊಂದಿತ್ತು. ಇಂಥ ಬಾಟಲಿಗಳಿಗೆಲ್ಲ ಅದನ್ನು ಬಳಿಯುತ್ತಾರಂತೆ. ಮಲಗಿಸಿದಾಗ ಆ ಮಗ್ಗುಲು ಸದಾ ಮೇಲಿರಬೇಕು, ಇಲ್ಲದಿದ್ದರೆ ಕಟ್ಟಿದ ಗಸಿ ಕದಡಿ ಎಲ್ಲ ಹಾಳು. ಇಷ್ಟು ವರ್ಷ ಈ ಮನೆಯಲ್ಲಿ ಅದನ್ನು ಹೇಗೆ ಹೇಗೆ ಹೊರಳಿಸಿದ್ದಾರೋ! ಕಾಕುವನ್ನು ಕೇಳಿದೆ.

"ಏ, ಹೊರಳಸತೇವೇನ್ರಿ? ಈಬತ್ತಿ ಹಚ್ಚಿದ್ದು ಕೆಳಗ ಮಾಡಿ ಯಾರರ ಮಲಗಸ್ತಾರೇನು?" ಎಂದರು ಅವರು. ಆ ಬಿಳಿ ಪಟ್ಟೆ ವಿಭೂತಿಯೆಂದೇ ಅವರು ಮೊದಲ ದಿನದಿಂದ ತಿಳಿದಿದ್ದರು. ಪರಧರ್ಮದವರಾದರೂ ಲಿಂಗವಂತರ ಮನೆಗೆ ತರುವಾಗ ಗಾರ್ಡ್ ಸಾಹೇಬರು ಬಾಟಲಿಗೂ ವಿಭೂತಿ ಹಚ್ಚಿ ತಂದರಲ್ಲ ಎಂದು ಅವರ ಮನಸ್ಸು ಕರಗಿಹೋಗಿತ್ತು. ಅದಕ್ಕೇ ಅದು ಹೆಂಡವೆಂದು ಗೊತ್ತಿದ್ದೂ ಜೋಳದ ಮೇಲೆ ಜಾಗ ಕೊಟ್ಟಿದ್ದರು. ಪ್ರತಿ ವರ್ಷ ಎತ್ತಿ, ಪ್ರತಿ ವರ್ಷ ವಿಭೂತಿ ಮೇಲೆ ಮಾಡಿ, ಅಲುಗದಂತೆ ಮಲಗಿಸಿದ್ದರು. ನಾನು ಪುಸ್ತಕದ ಮಾತು ಹೇಳಿದೆ. ಅವರು ಒಪ್ಪಲಿಲ್ಲ. "ಬಣ್ಣ ಅಂತ ಬರದಾವ್ರಿಗೆ ಈಬತ್ತಿ ಗೊತ್ತಿರಾಕಿಲ್ಲ ಬಿಡ್ರಿ" ಎಂದರು.

ಮರುವರ್ಷ ಗಾರ್ಡ್ ಸಾಹೇಬರು ಹಗೇವು ತೆರೆಯುವ ಹೊತ್ತಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿದ್ದಾರೆಂದು ರೈಲಿನವರ ಕಡೆಯಿಂದ ತಿಳಿಯಿತು. ಮಳೆಗಾಲ ಕಳೆದ ಮೇಲೆ ಬಂದರು. ಸ್ಟೇಷನ್ನಿನಿಂದ ಮನೆಯವರೆಗೆ ಕೂತು ಎದ್ದು ಬಂದಿದ್ದರು. ಅದೇ ಬಿಳಿ ಕೋಟು. ಒಳಗಿನ ಮನುಷ್ಯ ಮಾತ್ರ ಅರ್ಧದಷ್ಟಾಗಿದ್ದರು. ಮಗಳ ಮದುವೆ ಗೊತ್ತಾಗಿತ್ತು. ಬೀಗರು ಮಡಗಾಂವದವರು, ಪೋರ್ಟಿನ ರುಚಿ ಬಲ್ಲವರು. ಅವರ ಮುಂದೆ ಸಾಹೇಬರು ಬಾಟಲಿಯ ಬಗ್ಗೆ ಬಹಳ ಹೇಳಿಕೊಂಡಿದ್ದರು. ತೆರೆದಾಗ ಅದು ಹುಳಿಯಾಗಿದ್ದರೆ ಮರ್ಯಾದೆ ಹೋಗುವುದು ಅವರದಷ್ಟೇ ಅಲ್ಲ, ಇಷ್ಟು ವರ್ಷ ಹದ ಕಾದವರದೂ ಹೋಗುತ್ತಿತ್ತು.

ಕಾಕಾ ಚಪ್ಪಡಿ ಸರಿಸಿದರು. ಕಾಕು ಬಾಟಲಿ ಎತ್ತಿಕೊಟ್ಟರು. ನಾನು ಕಂದೀಲು ಹಿಡಿದೆ. ಈ ಸಲ ಸಾಹೇಬರು ಲೈನ್ ಕ್ಲಿಯರ್ ಕೇಳಲಿಲ್ಲ. ಉಸಿರು ಹಿಡಿದು ಹಿಡಿದು, "ಪಾಡಾಗಿರದಿದ್ರ ಇರಲಿ ಯಜಮಾನ್ರ. ಅವಸರಿಲ್ಲ. ಮೊಮ್ಮಗ ಹುಟ್ಟಿದ ಮ್ಯಾಲ ನೋಡೂಣು" ಎಂದರು.

ಅವರು ತಾವಾಗಿ ಕಾಯುತ್ತೇನೆಂದದ್ದು ಅದೇ ಮೊದಲು.

ಕಾಕಾನ ಕೈಯಲ್ಲಿ ಬಾಟಲಿ ಇತ್ತು. ಅವರು ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಮೂಸಲಿಲ್ಲ, ಕಿವಿಗೆ ಹಚ್ಚಲಿಲ್ಲ. ಅವರು ನೋಡುತ್ತಿದ್ದದ್ದು ಸಾಹೇಬರ ಕೊರಳಪಟ್ಟಿಯನ್ನು. ಅದರೊಳಗೆ ಈಗ ಇನ್ನೊಂದು ಕೊರಳು ಹಿಡಿಸುವಷ್ಟು ಜಾಗವಿತ್ತು.

"ಪಾಡಾಗೇತ್ರಿ" ಎಂದರು. "ಒಯ್ಯೂಣು."

ಕಾಕುವಿನ ಕೈಯಲ್ಲಿದ್ದ ಮೊರ ನೆಲಕ್ಕೆ ಬಿತ್ತು.

ಮದುವೆಗೆ ನಾವು ಮೂವರೂ ಹೋದೆವು. ಬಾಟಲಿಯನ್ನು ಕೌದಿಯಲ್ಲಿ ಸುತ್ತಿ ಕಾಕಾ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು, ವಿಭೂತಿ ಮೇಲೆ ಮಾಡಿ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದಾಗ ಎದುರಿಗೆ ಕೂತ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, "ಕೂಸು ಭಾಳ ಶಾಣ್ಯಾ ಐತಿ ನೋಡ್ರಿ, ಒಂದ ಸಲನೂ ಅತ್ತಿಲ್ಲ. ಎಷ್ಟು ತಿಂಗಳದು?" ಎಂದು ಕೇಳಿದರು.

"ಮದವಿಗೆ ಬಂದೈತ್ರಿ" ಎಂದರು ಕಾಕಾ.

ಅಜ್ಜಿ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದರು.

ಅಳ್ನಾವರ ತಲುಪಿ ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿದೆವು. ನಿವೃತ್ತರಾದ ಮೇಲೆ ಹಿಡಿದ ಸಾಹೇಬರ ಮನೆಯೂ ಹಳಿಯ ಹತ್ತಿರವೇ ಇತ್ತು; ಗಾಡಿ ಬಂದಾಗಲೆಲ್ಲ ಕಾಕಾ ಓಡಿಹೋಗಿ ಅದನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದರು. ಮದುವೆಯ ಮಧ್ಯಾಹ್ನ ಸಾಹೇಬರು ಬಿರಡೆ ತೆಗೆಯಲು ಹೋದರೆ ಅದು ಬೆಲ್ಲದಂತೆ ಪುಡಿಪುಡಿಯಾಯಿತು. ಬೀಗರ ಕಡೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ಕಾಕು ಮುಂದೆ ಬಂದು, ತುಪ್ಪ ಸೋಸಲೆಂದು ಮಡಿಮಾಡಿ ತಂದಿದ್ದ ತೆಳುವಾದ ಹೊಸ ಅರಿವೆಯನ್ನು ಜಗ್ಗಿನ ಬಾಯಿಗೆ ಹಿಡಿದು, ಮುಖ ಗೋಡೆಯ ಕಡೆ ತಿರುಗಿಸಿಕೊಂಡು ನಿಂತರು. ಸಾಹೇಬರು ಸುರಿದರು. ಕೊನೆಯವರೆಗೂ ಕಾಕು ಗೋಡೆಯನ್ನೇ ನೋಡುತ್ತಿದ್ದರು. "ಮುಗೀತೇನ್ರಿ? ನಾ ಏನೂ ನೋಡಿಲ್ಲ ಮತ್ತ" ಎಂದರು.

ಇಟ್ಟಿಗೆಯ ಕೆಂಪು ಬಂದಿರಲಿಲ್ಲ. ಬಣ್ಣ ಇನ್ನೂ ನೇರಳೆಯ ಕಡೆಗೇ ಇತ್ತು. ಅದನ್ನು ನಾನೂ ಕಂಡೆ, ಕಾಕಾನೂ ಕಂಡರು.

ಬೀಗರು ಬಾಯಲ್ಲಿ ಒಂದು ಗುಟುಕು ಹಿಡಿದು ಕಣ್ಣು ಮುಚ್ಚಿದರು. ಕಾಕಾ ತಮ್ಮ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡು, ಮಣ್ಣಿನ ಉಂಡೆ ಬೀಳುವುದನ್ನು ನೋಡುವಂತೆ ಅವರ ಮುಖ ನೋಡುತ್ತಿದ್ದರು. ಬೀಗರು ಕಣ್ಣು ತೆರೆದು ಕೊಂಕಣಿಯಲ್ಲಿ ಏನೋ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಬಂದು ಅಪ್ಪನನ್ನು ಅಪ್ಪಿಕೊಂಡಳು. ಆಮೇಲೆ, ಯಾರೂ ಹೇಳದೆಯೇ, ಕಾಕಾನ ಕಾಲು ಮುಟ್ಟಿದಳು. ನಾನು ಅದರ ರುಚಿ ನೋಡಿದೆನೋ ಇಲ್ಲವೋ ಎಂದು ಕಾಲೇಜಿನಲ್ಲಿ ಹಲವರು ಕೇಳಿದ್ದುಂಟು. ಅವರಿಗೆ ಹೇಳದ್ದನ್ನು ಇಲ್ಲಿಯೂ ಹೇಳುವುದಿಲ್ಲ.

ಊಟವಾದ ಮೇಲೆ ನಾನು ಹಿತ್ತಲಿನಲ್ಲಿ ಕೈ ತೊಳೆಯುತ್ತಿದ್ದೆ. ಗೆಳೆಯರಿಬ್ಬರೂ ಹಲಸಿನ ಮರದ ಕೆಳಗೆ ಕೂತಿದ್ದರು.

"ಖರೇ ಹೇಳ್ರಿ ಸಾಹೇಬ್ರ. ನನ್ನ ಆಣಿ ಐತಿ."

ಸಾಹೇಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಖರೇ ಹೇಳ್ಲೇನ್ರಿ? ಭಾಳ ಚಲೋ ಇತ್ತು. ಆದ್ರ ಇನ್ನೊಂದೀಟು ತಡದಿದ್ರ..."

"ಬಾಟ್ಲಿ ತಡೀತಿತ್ತು ಬಿಡ್ರಿ" ಎಂದರು ಕಾಕಾ.

ಸಾಹೇಬರು ಕಾಕಾನ ಭುಜದ ಮೇಲೆ ಕೈ ಹಾಕಿ, ಹಾಗೇ ಬಿಟ್ಟರು. ನಾನು ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದು ಒಳಗೆ ಹೋದೆ.

ಮಾರನೆಯ ದಿನ ಅಣ್ಣಿಗೇರಿಯ ಕಟ್ಟೆಗೆ ಯಾರೋ ಉಪ್ಪಿನಕಾಯಿಯ ಭರಣಿ ತಂದರು. ಕಾಕಾ ಮೂಸಿದರು. ಇನ್ನೊಂದೀಟು ತಡೀರಿ ಎಂದರು. ಆಮೇಲಿನ ವರ್ಷಗಳಲ್ಲಿ ಅವರ ಬಾಯಿಂದ ಮತ್ತೆ ಅವಸರದ ತೀರ್ಪು ಬಂದದ್ದನ್ನು ನಾನು ಕೇಳಲಿಲ್ಲ. ನನಗೆ ಧಾರವಾಡಕ್ಕೆ ವರ್ಗವಾದಾಗಲೂ, ಟ್ರಂಕನ್ನು ಟಾಂಗಾಕ್ಕೆ ಏರಿಸಿದ ಮೇಲೆ, ಅದೇ ಮಾತು ಹೇಳಿ ಕಟ್ಟೆಯ ಮೇಲೆ ಕೂಡಿಸಿದರು. ಕಾಯಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂತೆವು. ಆ ಗಾಡಿ ನನಗೆ ತಪ್ಪಿತು.

ಈ ಸಂಕ್ರಾಂತಿಯ ಮರುವಾರ, ಹೊಲಕ್ಕೆ ಹೋಗಿ ಕಡಲೆಗಿಡದ ಹದ ನೋಡಿ ಬಂದ ಕಾಕಾ, ಕಟ್ಟೆಯ ಮೇಲೆ ಕೂತಲ್ಲೇ ಹೋಗಿಬಿಟ್ಟರು. ಯಾರನ್ನೂ ಕೇಳಲಿಲ್ಲ, ಯಾರಿಗೂ ತಡೀರಿ ಎನ್ನುವಷ್ಟು ಹೊತ್ತು ಕೊಡಲಿಲ್ಲ.

ಅಂದು ನಾವು ಕಾಯುತ್ತಿದ್ದದ್ದು ಗಾರ್ಡ್ ಸಾಹೇಬರಿಗಾಗಿ. ಇಳಿಹೊತ್ತಿಗೆ ಅವರು ಸ್ಟೇಷನ್ನಿನಿಂದ ನಡೆದೇ ಬಂದರು. ಎಲ್ಲಿಯೂ ಕೂತು ಎದ್ದು ಬಂದವರಂತೆ ಕಾಣಲಿಲ್ಲ. ಹಳೆಯ ಮೈ ತಿರುಗಿ ಬಂದಿತ್ತು. ಬಿಳಿ ಕೋಟಿನ ಗುಂಡಿ ಹೊಟ್ಟೆಯ ಮೇಲೆ ಬಿಗಿಯಾಗಿತ್ತು. ಟೊಪ್ಪಿಗೆ ತೆಗೆದು ಕಾಕಾನ ಎದುರಿಗೆ ನೆಲದ ಮೇಲೆ, ಹಗೇವಿನ ಚಪ್ಪಡಿಯ ಮೇಲೆಯೇ, ಕೂತರು.

"ನೋಡ್ರಿ ಸಾಹೇಬ್ರ" ಎಂದರು ಕಾಕು. "ಜೀವಮಾನದಾಗ ಒಮ್ಮೆ ಅವಸರ ಮಾಡ್ಯಾರ."

"ಎರಡನೇ ಸಲರೀ ಅತ್ತಿಗಿ" ಎಂದರು ಸಾಹೇಬರು.

ಓಣಿಯ ಹಿರಿಯರು ಮತ್ತೆ ಬಾಗಿಲಿಗೆ ಬಂದರು. "ಸಾಹೇಬ್ರೂ ಬಂದಂಗಾತು. ಹೊತ್ತು ಮುಳಗತೈತಿ. ಎತ್ತೂಣೇನ್ರಿ?"

ಎಲ್ಲರೂ ಸಾಹೇಬರ ಕಡೆ ನೋಡಿದರು. ಆಯುಷ್ಯವಿಡೀ ಸೀಟಿ ಊದಿ, ಹಸಿರು ನಿಶಾನೆ ತೋರಿಸಿ, ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದವರು. ಕೈ ತಾನಾಗಿಯೇ ಕೋಟಿನ ಕಿಸೆಯ ತನಕ ಹೋಯಿತು. ಅಲ್ಲಿಯೇ ನಿಂತಿತು.

"ಇನ್ನೊಂದೀಟು ತಡೀರಿ" ಎಂದರು.

ಭಜನೆಯವರು ಮತ್ತೆ ತಾಳ ಎತ್ತಿಕೊಂಡರು.